ಬಿಚ್ಚಿ ನೋಡಬಲ್ಲ ವಾದ್ಯ

ವೀಣೆಗೆ ಮೆಟ್ಟಿಲುಗಳನ್ನು ಕೂಡಿಸುವ ಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಿದವರು ಈಗ ವಿರಳ. ಜೇನುಮೇಣಕ್ಕೆ ಇದ್ದಿಲಿನ ಪುಡಿ ಬೆರೆಸಿ, ಹದವಾಗಿ ಕಾಯಿಸಿ, ದಂಡಿಯ ಎರಡು ಅಂಚಿಗೂ ಕಟ್ಟೆಯಂತೆ ಒತ್ತಿ, ಅದರ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಇರಿಸುತ್ತಾರೆ. ಇರಿಸುವವನು ಅಳತೆಗೋಲಿಗಿಂತ ಹೆಚ್ಚಾಗಿ ತನ್ನ ಕಿವಿಯನ್ನು ನಂಬುತ್ತಾನೆ. ಗಾಂಧಾರ ಕೂದಲೆಳೆಯಷ್ಟು ಹೆಚ್ಚಾಯಿತೆಂದು ಕಂಡರೆ ಮೇಣವನ್ನು ಮತ್ತೆ ಬೆಚ್ಚಗೆ ಮಾಡಿ ಮೆಟ್ಟಿಲನ್ನು ಸರಿಸುತ್ತಾನೆ. ಕಾಲ ಕಳೆದು ಮೇಣ ಸಡಿಲವಾದಾಗ ಆ ಕೆಲಸ ಮತ್ತೊಮ್ಮೆ ನಡೆಯುತ್ತದೆ. ಆಗ ವೀಣೆಯನ್ನು ಮಾಡಿದಾತನೇ ಬರಬೇಕೆಂಬ ನಿಯಮವೇನೂ ಇಲ್ಲ. ಬಲ್ಲವರು ಯಾರಾದರೂ ಸರಿಯೆ. ಮಾಡಿದಾತ ಗತಿಸಿ ನೂರು ವರ್ಷವಾಗಿದ್ದರೂ ವೀಣೆಯನ್ನು ನುಡಿಸುವುದಕ್ಕೆ ಅಡ್ಡಿಯಿಲ್ಲ.

ಗಣಕಯಂತ್ರದಲ್ಲಿ ಸಂಗೀತವನ್ನು ರಚಿಸುತ್ತಿರುವ ನಮ್ಮ ತರುಣರ ಕೈಯಲ್ಲಿರುವ ವಾದ್ಯಕ್ಕೆ ಈ ಗುಣ ಉಂಟೆ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ಪುಸ್ತಕವನ್ನೋದಿ ಅಲ್ಲ. ಒಂದು ಸಣ್ಣ ನಷ್ಟದಿಂದ.

2006ರಲ್ಲಿ, ನಾನಿನ್ನೂ ಪಾಠ ಹೇಳುತ್ತಿದ್ದ ಕಾಲದಲ್ಲಿ, ನಮ್ಮ ಕಾಲೇಜಿನ ಹುಡುಗರು ಒಂದು ಗೀತನಾಟಕವನ್ನು ಆಡಿದರು. ನಮ್ಮ ಬೀದಿಯಲ್ಲಿಯೇ ವಾಸವಾಗಿದ್ದ ವೃದ್ಧ ವಿದುಷಿಯೊಬ್ಬರು ಅದಕ್ಕೆ ವೀಣೆ ನುಡಿಸಿದರು. ಎಂದೂ ಧ್ವನಿಮುದ್ರಣಕ್ಕೆ ಒಪ್ಪದಿದ್ದ ಆ ತಾಯಿ, ಮಕ್ಕಳ ಒತ್ತಾಯಕ್ಕೆ ಅಂದು ಒಪ್ಪಿದ್ದರು. ಗಣಕದಲ್ಲಿ ನುರಿತಿದ್ದ ನನ್ನ ವಿದ್ಯಾರ್ಥಿಯೊಬ್ಬ ಹಣ ಕೊಟ್ಟು ಕೊಂಡಿದ್ದ ಒಂದು ತಂತ್ರಾಂಶದಲ್ಲಿ ವೀಣೆ, ಮೃದಂಗ, ಹಾಡು ಇವನ್ನೆಲ್ಲ ಬೇರೆ ಬೇರೆ ಎಳೆಗಳಾಗಿ ಹಿಡಿದಿಟ್ಟು, ಅವಕ್ಕೆ ತಾನೇ ಸೃಷ್ಟಿಸಿದ ವಿದ್ಯುನ್ಮಾನ ಧ್ವನಿಗಳನ್ನು ಬೆರೆಸಿದ. ನಾಟಕ ಚೆನ್ನಾಗಿಯೇ ಆಯಿತು. ಆಕೆ ಗತಿಸಿದ ಮೇಲೆ, ಕೆಲವು ಕಾಲದ ಹಿಂದೆ, ಅವರ ಮಗ ನನ್ನಲ್ಲಿಗೆ ಬಂದು, “ಅಮ್ಮನ ವೀಣೆಯೊಂದನ್ನೇ ಬೇರೆಯಾಗಿ ಕೇಳುವುದಕ್ಕೆ ಆದೀತೆ, ಮೇಷ್ಟ್ರೇ?” ಎಂದು ಕೇಳಿದರು. ಆಗದೆ ಏನು ಎಂದುಕೊಂಡು ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ. ಕಡತ ಸಿಕ್ಕಿತು. ಆದರೆ ಅದು ಆ ತಂತ್ರಾಂಶವೊಂದಕ್ಕೆ ಮಾತ್ರ ತಿಳಿಯುವ ರೂಪದಲ್ಲಿತ್ತು. ಆ ತಂತ್ರಾಂಶವಾದರೋ ಇಂದಿನ ಯಂತ್ರಗಳಲ್ಲಿ ನಡೆಯದು. ಹಳೆಯ ಯಂತ್ರದಲ್ಲಿ ಕೂಡಿಸೋಣವೆಂದರೆ, ಅದರ ಕೀಲಿಸಂಖ್ಯೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದ ವ್ಯಾಪಾರಸಂಸ್ಥೆಯೇ ಈಗ ಇಲ್ಲ. ನಮ್ಮಲ್ಲಿ ಉಳಿದಿದ್ದುದು ಎಲ್ಲ ಧ್ವನಿಗಳೂ ಕಲೆತುಹೋದ ಒಂದು ಸಿ.ಡಿ. ಮಾತ್ರ. ಬೆರೆತ ಧ್ವನಿಗಳನ್ನು ಬಿಡಿಸಿಕೊಡುವ ಹೊಸ ಸಾಧನಗಳನ್ನೂ ಪ್ರಯೋಗಿಸಿ ನೋಡಿದೆವು. ಅವುಗಳಿಂದ ಬಂದದ್ದು ವೀಣೆಯ ನೆರಳು. ಆಕೆಯ ಬೆರಳಿನ ಗಮಕ ಅಲ್ಲಿಯೇ, ಆ ಕಡತದೊಳಗೇ ಇದೆ. ಕೇಳುವುದಕ್ಕೆ ಮಾತ್ರ ಸಾಧ್ಯವಿಲ್ಲ.

ತಪ್ಪು ಯಾರದು ಎಂದು ಹುಡುಕಹೊರಟರೆ ನಮ್ಮದೇ ಎನ್ನಬೇಕು. ವಾದ್ಯವನ್ನು ಕೊಂಡೆವೆಂದು ತಿಳಿದಿದ್ದೆವು. ನಾವು ಕೊಂಡದ್ದು ಅದನ್ನು ಕೆಲವು ಕಾಲ ನುಡಿಸುವ ಅಪ್ಪಣೆಯನ್ನು ಮಾತ್ರ. ಈ ಅನುಭವವಾದ ಮೇಲೆ ಆ ವಿದ್ಯಾರ್ಥಿಯೂ ನಾನೂ ಮುಕ್ತ ತಂತ್ರಾಂಶಗಳತ್ತ ತಿರುಗಿದೆವು. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಏಕೆಂದು ಮನೆಯವರು ನಕ್ಕುದೂ ಉಂಟು. ಆದರೂ ಕಲಿತದ್ದನ್ನು ವಾಚಕರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಮುಕ್ತ ತಂತ್ರಾಂಶವೆಂದರೆ ಬಿಟ್ಟಿಯಾಗಿ ದೊರೆಯುವುದು ಎಂಬ ತಿಳಿವಳಿಕೆ ಬಳಕೆಯಲ್ಲಿದೆ. ಅದು ಅರ್ಧಸತ್ಯ. ತಂತ್ರಾಂಶವನ್ನು ಬರೆದವರು ಬರೆದ ಮೂಲವನ್ನೇ, ಓದಬಲ್ಲ ರೂಪದಲ್ಲಿ, ಬಳಸುವವರ ಕೈಗೆ ಒಪ್ಪಿಸುವುದು ಇದರ ಮುಖ್ಯ ಲಕ್ಷಣ. ಬಳಸುವವನು ಅದನ್ನು ತನಗೆ ಬೇಕಾದ ಕೆಲಸಕ್ಕೆ ನಡೆಸಬಹುದು, ಒಳಗೇನಿದೆಯೆಂದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಈ ಧ್ಯೇಯವನ್ನು ಸಾರಿ ಹೊರಟಾಗ ಅವರ ಗಮನವಿದ್ದುದು ಗಣಕಗಳ ಸಾಮಾನ್ಯ ವ್ಯವಹಾರದ ಮೇಲೆ. ಆದರೆ ಈ ಮಾತಿನ ಪೂರ್ಣಾರ್ಥ ಸಂಗೀತದಲ್ಲಿ ಹೊಳೆಯುವಷ್ಟು ಸ್ಪಷ್ಟವಾಗಿ ಬೇರೆಡೆ ಹೊಳೆಯದೆಂದು ನನ್ನ ನಂಬಿಕೆ. ಏಕೆಂದರೆ ವಾದ್ಯವನ್ನು ಬಿಚ್ಚಿ ಜೋಡಿಸಿ ಶ್ರುತಿಮಾಡುವುದು ನಮ್ಮಲ್ಲಿ ಸಂಗೀತಾಭ್ಯಾಸದ ಒಂದು ಅಂಗವೇ ಆಗಿದೆ.

ಗಣಕವು ಹಾಡುವ ಬಗೆ ಹೇಗೆ? ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತವನ್ನು ಅತಿ ಸಣ್ಣ ಕಾಲಾಂತರಗಳಲ್ಲಿ ಅಳೆದರೆ ಅಂಕಿಗಳ ಒಂದು ಸಾಲು ದೊರೆಯುತ್ತದೆ, ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಗೆ ಇಂಥ 44,100 ಅಂಕಿಗಳು ಬೇಕು. ಇದನ್ನೇ ತಿರುಗಿಸಿ, ಅಳೆಯದೆಯೇ ಲೆಕ್ಕಹಾಕಿ ಅಂಕಿಗಳನ್ನು ಹುಟ್ಟಿಸಿದರೆ, ಯಾರೂ ಮೀಟದ, ಯಾರೂ ಊದದ ಧ್ವನಿ ಹುಟ್ಟಬೇಕಷ್ಟೆ. ಈ ತರ್ಕವನ್ನು 1957ರಲ್ಲಿ ನಿಜಮಾಡಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್ ಮ್ಯಾಥ್ಯೂಸ್. ಕೋಣೆಯನ್ನೇ ತುಂಬುವಂತಿದ್ದ ಐ.ಬಿ.ಎಂ. 704 ಯಂತ್ರದಲ್ಲಿ ಅವರ ಕ್ರಮವಿಧಿ ಅಂದು ನುಡಿಸಿದ್ದು ಸಹೋದ್ಯೋಗಿ ನ್ಯೂಮನ್ ಗಟ್‌ಮನ್ ರಚಿಸಿದ್ದ 17 ಸೆಕೆಂಡುಗಳ ಒಂದು ಕೃತಿಯನ್ನು. ಕೇಳಲು ಅದು ಅಷ್ಟೇನೂ ಇಂಪಾಗಿರಲಿಲ್ಲ. ಆದರೆ ಅದರಿಂದ ಹರಿದುಬಂದ ಪರಂಪರೆ ದೊಡ್ಡದು. ಅದೇ ಪ್ರಯೋಗಶಾಲೆಯಲ್ಲಿ ಫ್ರಾನ್ಸಿನ ಜಾನ್-ಕ್ಲೋಡ್ ರಿಸೆ ತಾವು ಗಣಕದಿಂದ ಸೃಷ್ಟಿಸಿದ ಧ್ವನಿಗಳ ಒಂದು ಪಟ್ಟಿಯನ್ನು 1969ರಲ್ಲಿ ಹೊರತಂದರು. ಧ್ವನಿಯೊಡನೆ ಅದನ್ನು ಹುಟ್ಟಿಸುವ ವಿಧಿಯನ್ನೂ ಅಕ್ಷರಶಃ ಕೊಟ್ಟುದು ಅದರ ವಿಶೇಷ. ಅವರು ಬಳಸಿದ ಯಂತ್ರಗಳು ಈಗ ವಸ್ತುಸಂಗ್ರಹಾಲಯದ ಸರಕು. ಆದರೆ ವಿಧಿ ಓದಬಲ್ಲ ಬರೆಹದಲ್ಲಿದ್ದುದರಿಂದ, ಬ್ಯಾರಿ ವರ್ಕೋ 1986ರಲ್ಲಿ ಎಂ.ಐ.ಟಿ.ಯಲ್ಲಿ ರೂಪಿಸಿದ ಸಿಸೌಂಡ್ ಎಂಬ ತಂತ್ರಾಂಶಕ್ಕೆ ಅದನ್ನು ಅಳವಡಿಸಿಕೊಂಡು ಇಂದಿಗೂ ಆ ಧ್ವನಿಗಳನ್ನು ಕೇಳಬಹುದು. 1969ರ ಧ್ವನಿ ಇಂದು ಕೇಳುತ್ತದೆ. 2006ರ ನಮ್ಮ ವೀಣೆ ಕೇಳುವುದಿಲ್ಲ. ಈ ವ್ಯತ್ಯಾಸ ಯಂತ್ರದ ವಯಸ್ಸಿನಿಂದ ಬಂದದ್ದಲ್ಲ, ಬರೆಹ ಮುಚ್ಚಿದೆಯೋ ತೆರೆದಿದೆಯೋ ಎಂಬುದರಿಂದ ಬಂದದ್ದು.

ನಾನು ಕಲಿಯಲು ಆರಿಸಿಕೊಂಡದ್ದು ಪ್ಯೂರ್ ಡೇಟಾ ಎಂಬುದನ್ನು. ಮಿಲ್ಲರ್ ಪಕೆಟ್ ಎಂಬವರು 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಂ ಸಂಶೋಧನ ಕೇಂದ್ರದಲ್ಲಿ ಒಂದು ತಂತ್ರಾಂಶವನ್ನು ರಚಿಸಿ, ಮ್ಯಾಥ್ಯೂಸರ ಗೌರವಾರ್ಥ ಅದಕ್ಕೆ ಮ್ಯಾಕ್ಸ್ ಎಂದು ಹೆಸರಿಟ್ಟರು. ಅದು ಮುಂದೆ ಮಾರಾಟದ ಸರಕಾಯಿತು. 1990ರ ದಶಕದ ನಡುವೆ ಅವರು ಕ್ಯಾಲಿಫೋರ್ನಿಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅದೇ ತತ್ತ್ವದ ಮೇಲೆ ಹೊಸದಾಗಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದೇ ಪ್ಯೂರ್ ಡೇಟಾ. ಅದನ್ನು ತೆರೆದರೆ ಕಾಣುವುದು ಬರಿಯ ಬಿಳಿಯ ಹಾಳೆ. ಅದರ ಮೇಲೆ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಇಟ್ಟು ಗೆರೆಗಳಿಂದ ಜೋಡಿಸಬೇಕು. ಒಂದು ಪೆಟ್ಟಿಗೆ ಅಲೆಯನ್ನು ಹುಟ್ಟಿಸುತ್ತದೆ, ಎರಡನೆಯದು ಅದರ ಜೋರನ್ನು ತಗ್ಗಿಸುತ್ತದೆ, ಮೂರನೆಯದು ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಮೂರು ಪೆಟ್ಟಿಗೆ, ಎರಡು ಗೆರೆ. ಇಷ್ಟಾದರೆ ಒಂದು ಸ್ವರ ಕೇಳಿಸುತ್ತದೆ. ಹೀಗೆ ರಚಿಸಿದ್ದನ್ನು ಕಾದಿಟ್ಟ ಕಡತವೂ ಸಾದಾ ಅಕ್ಷರಗಳಲ್ಲಿಯೇ ಇರುತ್ತದೆ. ಪತ್ರವನ್ನು ಓದುವಂತೆ ಅದನ್ನು ಓದಬಹುದು.

ಮೊದಲ ಪಾಠವಾಗಿ ತಂಬೂರಿಯನ್ನು ಕಟ್ಟಲು ಹೊರಟೆವು. ತಂಬೂರಿಯನ್ನು ವಿದ್ಯುನ್ಮಾನಕ್ಕೆ ತಂದ ಸಾಹಸ ನಮ್ಮವರಿಗೆ ಹೊಸದಲ್ಲ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಅದನ್ನು ಸಾಧಿಸಿದರು. ಇಂದು ಅಂಥ ಪೆಟ್ಟಿಗೆಯಿಲ್ಲದ ಸಂಗೀತದ ಮನೆ ಅಪರೂಪ. ನಮ್ಮ ಉದ್ದೇಶ ಅದನ್ನು ಮೀರಿಸುವುದಾಗಿರಲಿಲ್ಲ. ತಂಬೂರಿಯ ನಾದದಲ್ಲಿ ಏನೇನಿದೆ ಎಂದು ತಿಳಿಯುವುದಾಗಿತ್ತು. ಮಂದ್ರ ಷಡ್ಜವನ್ನು ಸೆಕೆಂಡಿಗೆ 120 ಕಂಪನಗಳೆಂದು ಇಟ್ಟುಕೊಂಡು, ಅದರ ಮೇಲೆ 240, 360, 480, 600 ಹೀಗೆ ಅಲೆಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದೆವು. ಐದನೆಯ ಅಲೆಯನ್ನು ಸೇರಿಸಿದೊಡನೆ ಕೋಣೆಯಲ್ಲಿ ಅಂತರ ಗಾಂಧಾರದ ಛಾಯೆ ಮೂಡಿತು. ಶ್ರುತಿ ಕೂಡಿದ ತಂಬೂರಿಯಲ್ಲಿ ಗಾಂಧಾರ ಸ್ವಯಂಭುವಾಗಿ ನುಡಿಯುತ್ತದೆಂದು ಹಿರಿಯರು ಹೇಳುವುದನ್ನು ಬಾಲ್ಯದಿಂದ ಕೇಳಿದ್ದೆ. ಅದು ಎಲ್ಲಿಂದ ಬರುತ್ತದೆಂದು ಬೆರಳಿಟ್ಟು ತೋರಿಸಬಲ್ಲವನಾದುದು ಅಂದು. ಆ ಪೆಟ್ಟಿಗೆಯ ಗೆರೆಯನ್ನು ಕಿತ್ತರೆ ಗಾಂಧಾರ ಮಾಯ, ಜೋಡಿಸಿದರೆ ಪ್ರತ್ಯಕ್ಷ.

ಇಲ್ಲಿಂದ ಮುಂದಿನ ಪಾಠ ಇನ್ನೂ ಮುಖ್ಯವಾದುದು. ಪಾಶ್ಚಾತ್ಯ ಕೀಲಿಮಣೆಯಲ್ಲಿ ಒಂದು ಸ್ಥಾಯಿಯನ್ನು 12 ಸಮಭಾಗಗಳಾಗಿ ಹಂಚಿರುತ್ತಾರೆ. ಸಂಗೀತದ ತಂತ್ರಾಂಶಗಳು ಬಹುಮಟ್ಟಿಗೆ ಈ ಹಂಚಿಕೆಯನ್ನೇ ಹಿಡಿದು ಹೊರಡುತ್ತವೆ. ಆ ಲೆಕ್ಕದಲ್ಲಿ ನಮ್ಮ ತಂಬೂರಿಯ 600 ಕಂಪನಗಳ ಗಾಂಧಾರ ಇರಬೇಕಾದ ಸ್ಥಾನ ಸುಮಾರು 604.8. ಎರಡನ್ನೂ ಒಟ್ಟಿಗೆ ನುಡಿಸಿ ನೋಡಿದೆವು. ಸೆಕೆಂಡಿಗೆ ಸುಮಾರು 5 ಬಾರಿ ಧ್ವನಿ ಅಲುಗಿತು. ಸಂಗೀತ ಬಾರದ ನನ್ನ ಮೊಮ್ಮಗನೂ “ಏನೋ ನಡುಗ್ತಿದೆ ತಾತ” ಎಂದ. ಪಂಚಮದಲ್ಲಿ ಈ ಭೇದ ಅತ್ಯಲ್ಪ: 240ರ ಷಡ್ಜಕ್ಕೆ ಶುದ್ಧ ಪಂಚಮ 360 ಆದರೆ, ಸಮಭಾಗದ ಪಂಚಮ 359.6. ಗಾಂಧಾರದಲ್ಲಿ ಹಾಗಲ್ಲ. ಕೀಲಿಮಣೆಯ ಗಾಂಧಾರವನ್ನೇ ದಿನವೂ ಕೇಳಿ ಬೆಳೆದ ಕಿವಿಗೆ ತಂಬೂರಿಯ ಗಾಂಧಾರವೇ ತಪ್ಪಾಗಿ ಕೇಳುವ ಕಾಲ ಬಂದೀತೆಂಬ ಭಯ ನಿರಾಧಾರವಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಮಾರಾಟದ ತಂತ್ರಾಂಶಗಳಲ್ಲಿಯೂ ಶ್ರುತಿಯನ್ನು ಬದಲಿಸುವ ಸೌಕರ್ಯ ಕೆಲವುಗಳಲ್ಲಿ ಉಂಟು. ಆದರೆ ಅಲ್ಲಿ ಅದು ತಯಾರಿಸಿದವರು ತೆರೆದಿಟ್ಟ ಒಂದು ಕಿಟಕಿ. ಎಷ್ಟು ತೆರೆದಿದೆಯೋ ಅಷ್ಟೇ ಗಾಳಿ. ಮುಕ್ತ ತಂತ್ರಾಂಶದಲ್ಲಿ ನಮ್ಮ ಸ್ವರಸ್ಥಾನವನ್ನು ನಾವೇ ಅಂಕಿಯಲ್ಲಿ ಬರೆದುಕೊಳ್ಳುತ್ತೇವೆ. ತೋಡಿಯ ಗಾಂಧಾರದ ಅಲುಗಾಟವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದೆಂಬುದು ಸಂಗೀತ ಬಲ್ಲವರಿಗೆಲ್ಲ ಗೊತ್ತು; ಅದು ಬಿಂದುವಲ್ಲ, ಚಲನೆ. ಆ ಚಲನೆಯನ್ನೂ ರೇಖೆಯಾಗಿ ಬರೆದು, ಕೇಳಿ, ತಪ್ಪೆನಿಸಿದರೆ ತಿದ್ದಿ ಮತ್ತೆ ಕೇಳಬಹುದು. ಯಂತ್ರ ಗಮಕವನ್ನು ಸಾಧಿಸಿತೆಂದು ನಾನು ಹೇಳುತ್ತಿಲ್ಲ. ಸಾಧಿಸಲು ಹೋಗಿ ಸೋತಾಗ, ವಿದ್ವಾಂಸರ ಬೆರಳು ಮಾಡುವುದೇನೆಂದು ನಮಗೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಆ ಸೋಲೂ ಒಂದು ವಿದ್ಯೆಯೇ.

ವಾದ್ಯ ಒಂದೇ ಕೋಣೆಯಲ್ಲಿ ಇದ್ದುಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವಿದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಒಂದು ವಿದ್ಯುನ್ಮಾನ ಸಂಗೀತಶಾಲೆ ಆರಂಭವಾಯಿತು. ಮೂಗ್ ಸಿಂಥಸೈಸರ್ ಎಂಬ, ಆ ಕಾಲಕ್ಕೆ ಅದ್ಭುತವೆನಿಸಿದ ವಾದ್ಯ ಅಲ್ಲಿಗೆ ಬಂತು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ, ಎಸ್. ಸಿ. ಶರ್ಮ ಮೊದಲಾದವರು ಅದರಲ್ಲಿ ಕೃತಿಗಳನ್ನು ರಚಿಸಿದರು. ಜಗತ್ತಿನ ಮುಂದಿನ ಸಾಲಿನಲ್ಲಿ ನಿಲ್ಲಬಲ್ಲ ಪ್ರಯೋಗಗಳವು. ಆದರೆ ಕೆಲವೇ ವರ್ಷಗಳಲ್ಲಿ ಆ ಉತ್ಸಾಹ ಅಡಗಿತು. ಧ್ವನಿಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಮಲಗಿದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಲೋಕಕ್ಕೆ ಕೇಳಿದವು. ನಡುವಿನ ಅರ್ಧ ಶತಮಾನದಲ್ಲಿ ಆ ದಾರಿಯಲ್ಲಿ ಮುಂದುವರಿಯಬಹುದಾಗಿದ್ದ ಎಷ್ಟು ಮಂದಿ ಹುಡುಗರು ಹುಡುಗಿಯರು ಅದರ ಹೆಸರನ್ನೂ ಕೇಳದೆ ಬೆಳೆದರೋ! ಅಂದು ಅದು ಅನಿವಾರ್ಯವಾಗಿತ್ತು. ವಾದ್ಯ ದುಬಾರಿ, ಇದ್ದುದು ಒಂದೇ ಕೋಣೆಯಲ್ಲಿ. ಇಂದು ಆ ನೆಪಕ್ಕೆ ಎಡೆಯಿಲ್ಲ. ಅಂದಿನ ಮೂಗ್ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಹಳೆಯದೊಂದು ಗಣಕದಲ್ಲಿ, ಕಾಸು ಖರ್ಚಿಲ್ಲದೆ, ಹಳ್ಳಿಯ ಪ್ರೌಢಶಾಲೆಯಲ್ಲಿಯೂ ಮಾಡಬಹುದು.

ವಿದ್ಯೆಯನ್ನು ತೆರೆದಿಡುವುದು ಪಶ್ಚಿಮದಿಂದ ಬಂದ ಹೊಸ ಗೀಳೆಂದು ಯಾರಾದರೂ ಭಾವಿಸಿದರೆ, ಅವರಿಗೆ ನಾನು ನೆನಪಿಸುವುದು 1904ರ ಒಂದು ಘಟನೆಯನ್ನು. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ಮುತ್ತುಸ್ವಾಮಿ ದೀಕ್ಷಿತರ ಮನೆತನದವರು. ಆ ಕೃತಿಗಳು ಅವರ ಮನೆಯ ಸ್ವತ್ತು ಎನ್ನಬಹುದಾಗಿತ್ತು. ಆದರೂ ಚಿನ್ನಸ್ವಾಮಿ ಮೊದಲಿಯಾರರ ಒತ್ತಾಯಕ್ಕೆ ಕಿವಿಗೊಟ್ಟು, ಅವನ್ನು ಗಮಕಗಳ ಗುರುತು ಸಹಿತವಾಗಿ ಸ್ವರಪಡಿಸಿ, ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯೆಂಬ ಹೆಸರಿನಿಂದ ತೆಲುಗಿನಲ್ಲಿ ಅಚ್ಚುಹಾಕಿಸಿದರು. ಅದರಿಂದ ಮನೆತನದ ಗೌರವ ಕುಂದಲಿಲ್ಲ. ಆ ಕೃತಿಗಳ ಪಾಠದ ಬಗೆಗೆ ಇಂದು ಚರ್ಚೆ ಎದ್ದರೆ ಎಲ್ಲರೂ ತೆರೆದು ನೋಡುವುದು ಆ ಗ್ರಂಥವನ್ನೇ. ಮುಕ್ತ ತಂತ್ರಾಂಶವನ್ನು ಬರೆಯುವವರು ಮಾಡುತ್ತಿರುವುದೂ ಇಂಥದೇ ಕೆಲಸ.

ಇದಕ್ಕೆ ಆಕ್ಷೇಪಗಳಿಲ್ಲವೆ? ಇವೆ, ಅವು ಹುರುಳಿಲ್ಲದವೂ ಅಲ್ಲ. ಇವುಗಳನ್ನು ಕಲಿಯುವುದು ಕಷ್ಟ ಎಂಬುದು ಮೊದಲನೆಯದು. ನಿಜ. ಪ್ಯೂರ್ ಡೇಟಾದ ಬಿಳಿಯ ಹಾಳೆಯ ಮುಂದೆ ನಾನು ಒಂದು ವಾರ ಕೈಕಟ್ಟಿ ಕುಳಿತಿದ್ದೆ. ಮಾರಾಟದ ತಂತ್ರಾಂಶದಲ್ಲಿ ಗುಂಡಿಯೊತ್ತಿದರೆ ತಾಳ, ಇನ್ನೊಂದನ್ನೊತ್ತಿದರೆ ತಂತಿವಾದ್ಯಗಳ ಮೇಳ. ಇಲ್ಲಿ ಹಾಗಿಲ್ಲ. ಆದರೆ ಸರಳೆ ಜಂಟಿಗಳನ್ನು ವರ್ಷಗಟ್ಟಲೆ ಹಾಡಿಸುವ ನಾವು ಕಷ್ಟವೆಂಬ ಕಾರಣವನ್ನು ಮುಂದೊಡ್ಡಬಾರದು. ಮೇಲಾಗಿ, ಮುಕ್ತ ತಂತ್ರಾಂಶಗಳೆಲ್ಲ ಒಂದೇ ತೆರನಾಗಿ ಕಠಿನವೂ ಅಲ್ಲ. ಧ್ವನಿಯನ್ನು ಮುದ್ರಿಸಿ ಕತ್ತರಿಸಿ ಜೋಡಿಸಲು 2000ದಲ್ಲಿ ಹೊರಬಂದ ಅಡಾಸಿಟಿ ಇದೆ. ಮಕ್ಕಳೂ ಅದನ್ನು ಬಳಸುತ್ತಾರೆ. ಹಲವು ಎಳೆಗಳ ದೊಡ್ಡ ಕೆಲಸಕ್ಕೆ ಆರ್ಡರ್ ಇದೆ.

ಇವನ್ನು ಬರೆಯುವವರ ಹೊಟ್ಟೆಪಾಡೇನು ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ಗಂಭೀರವಾದುದು. ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ದುಡಿಯುವವರ ಶ್ರಮದ ಮೇಲೆ ಈ ಕಟ್ಟಡದ ಬಹುಭಾಗ ನಿಂತಿದೆ. ಬಿಟ್ಟಿಯಾಗಿ ಪಡೆದು ಬಳಸಿ ಮರೆಯುವುದು ಕೃತಘ್ನತೆ. ಕಾಣಿಕೆ ಕೊಡಬಲ್ಲವರು ಕೊಡಬೇಕು. ಕೊಡಲಾರದವರು ದೋಷಗಳನ್ನು ಕಂಡಲ್ಲಿ ತಿಳಿಸುವುದು, ಬಳಕೆಯ ವಿವರಣೆಯನ್ನು ಕನ್ನಡದಲ್ಲಿ ಬರೆಯುವುದು, ಹೀಗೆ ಋಣ ತೀರಿಸಬಹುದು. ಅಡಾಸಿಟಿಯ ಒಡೆತನ 2021ರಲ್ಲಿ ಒಂದು ಸಂಸ್ಥೆಗೆ ಸೇರಿ, ಬಳಸುವವರ ಮಾಹಿತಿಯನ್ನು ಕಲೆಹಾಕುವ ಸೂಚನೆ ಬಂದಾಗ ದೊಡ್ಡ ಕೋಲಾಹಲವೆದ್ದಿತು. ಆ ಸೂಚನೆಯನ್ನು ಹಿಂದೆಗೆದುಕೊಂಡರು. ಒಪ್ಪದ ಕೆಲವರು ಅದೇ ಮೂಲವನ್ನು ತೆಗೆದುಕೊಂಡು ಬೇರೆ ಹೆಸರಿನಲ್ಲಿ ತಮ್ಮದೇ ಕವಲನ್ನು ಆರಂಭಿಸಿದರು. ಹೀಗೆ ಮಾಡುವ ಹಕ್ಕು ಅದರ ಪರವಾನಗಿಯಲ್ಲಿಯೇ ಇತ್ತು. ಒಡೆಯ ಬದಲಾದರೂ ಬಳಸುವವನು ಅನಾಥನಾಗದಿರುವುದು ಸಣ್ಣ ಲಾಭವಲ್ಲ.

ಮೂರನೆಯದು, ಇದೆಲ್ಲ ಸಂಗೀತವೇ ಎಂಬ ಪ್ರಶ್ನೆ. ಪಿಟೀಲು ನಮ್ಮ ಕಚೇರಿಗೆ ಬಂದಾಗಲೂ ಇಂಥದೇ ಸಂದೇಹಕ್ಕೆ ಕಾರಣವಿತ್ತು; ಈಗ ಅದಿಲ್ಲದೆ ಕಚೇರಿಯೇ ನಡೆಯುವುದಿಲ್ಲ. ಸಾಧನ ಸಂಗೀತವನ್ನು ಕೊಡುವುದಿಲ್ಲವೆಂಬುದು ನಿಶ್ಚಯ. ಗೆರೆಯೆಳೆದು ಪೆಟ್ಟಿಗೆ ಜೋಡಿಸಬಲ್ಲವನೆಲ್ಲ ವಾಗ್ಗೇಯಕಾರನಾಗನು. ಕಿವಿ, ಅಭ್ಯಾಸ, ಗುರುವಿನ ತಿದ್ದುಪಡಿ ಇವಕ್ಕೆ ಬದಲಿಯಾಗಿ ಯಾವ ತಂತ್ರಾಂಶವೂ ಇಲ್ಲ.

ಹಾಗಾದರೆ ಆಗಬೇಕಾದುದೇನು? ನಮ್ಮ ಸಂಗೀತ ಕಾಲೇಜುಗಳಲ್ಲಿ ವಾರಕ್ಕೊಂದು ಗಂಟೆಯಾದರೂ ಈ ಪಾಠಕ್ಕೆ ಸಲ್ಲಬೇಕು; ಶ್ರುತಿಯ ವಿಚಾರವನ್ನು ಬಾಯಿಪಾಠದ ಬದಲು ಪ್ರಯೋಗದಿಂದ ಕಲಿಸಬಹುದು. ಭೌತಶಾಸ್ತ್ರದ ಅಧ್ಯಾಪಕರೂ ಸಂಗೀತದ ಅಧ್ಯಾಪಕರೂ ಒಂದೇ ಕೋಣೆಯಲ್ಲಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಸರ್ಕಾರದ ಅಥವಾ ವಿಶ್ವವಿದ್ಯಾನಿಲಯದ ಹಣದಿಂದ ಮಾಡುವ ಧ್ವನಿಮುದ್ರಣಗಳನ್ನು ಯಾವ ಒಬ್ಬ ವ್ಯಾಪಾರಿಯ ಬೀಗದೊಳಗೂ ಇಡಕೂಡದು. ಪ್ರತಿಯೊಂದು ಎಳೆಯನ್ನೂ ಬೇರೆಯಾಗಿ, ಯಾರೂ ತೆರೆಯಬಲ್ಲ ರೂಪದಲ್ಲಿ ಕಾಪಾಡಬೇಕು. ಮಾರಾಟದ ತಂತ್ರಾಂಶವನ್ನೇ ಬಳಸುವವರೂ ಈ ಕೊನೆಯ ಮಾತನ್ನಾದರೂ ಪಾಲಿಸಲೆಂದು ನನ್ನ ಪ್ರಾರ್ಥನೆ. ಒಂದು ಸಂಜೆಯ ಕೆಲಸ. ಮಾಡದಿದ್ದರೆ ಆಗುವ ನಷ್ಟವನ್ನು ನಾನು ಕಂಡಿದ್ದೇನೆ.

ವಿದುಷಿಯವರ ಮಗನಿಗೆ ನಾನು ಒಳ್ಳೆಯ ಸುದ್ದಿಯನ್ನು ಹೇಳಲಾಗಲಿಲ್ಲ. ಆದರೆ ಆಕೆಯ ಶಿಷ್ಯೆಯೊಬ್ಬರು ಈಗ ಅದೇ ವೀಣೆಯನ್ನು ನುಡಿಸುತ್ತಾರೆ. ಮೇಣ ಸಡಿಲವಾಗಿತ್ತೆಂದು ಅದಕ್ಕೆ ಮೆಟ್ಟಿಲುಗಳನ್ನು ಹೊಸದಾಗಿ ಕೂಡಿಸಿದ್ದಾಗಿದೆ. ಗುರುಗಳ ಪಾಠವನ್ನು ನೆನಪಿನಿಂದ ಅವರು ನುಡಿಸಿದರು, ನಾವು ಮುದ್ರಿಸಿಕೊಂಡೆವು. ಈ ಸಲ ವೀಣೆಯ ಎಳೆ ಬೇರೆಯಾಗಿದೆ, ತಂಬೂರಿಯ ಎಳೆ ಬೇರೆಯಾಗಿದೆ, ಅವನ್ನು ಜೋಡಿಸಿದ ಕ್ರಮವನ್ನು ಕನ್ನಡದಲ್ಲಿ ಬರೆದು ಜೊತೆಗಿಟ್ಟಿದ್ದೇವೆ. ಮುಂದೆ ಯಾರಿಗೆ ಬೇಕಾಗುತ್ತದೋ ತಿಳಿಯದು. ಬೇಕಾದವರು ಬಂದಾಗ, ಅದನ್ನು ತೆರೆಯಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.